ಕೈ ತೊಳೆದ ಮೇಲಿನ ಬಾಟಲಿಗಳು

ನಮ್ಮ ಮನೆಯೊಳಗೆ ಬಾಟಲಿ ಬರಬಾರದು ಎಂದು ನಾನು ಆಣೆ ಹಾಕಿದ್ದೆ. ಮಗ ಕಾಶಿನಾಥನ ಅಪ್ಪ ಊಟಕ್ಕೆ ಮೊದಲು ಒಂದಿಷ್ಟು ಎಂದು ಸಾರಾಯಿ ಅಂಗಡಿಗೆ ಹೋಗುತ್ತಿದ್ದರು. ಎಷ್ಟೋ ಸಂಜೆ ಊಟಕ್ಕೆ ಬರುತ್ತಲೇ ಇರಲಿಲ್ಲ. ಮುಚ್ಚಿಟ್ಟ ಮುದ್ದೆ ಹಾಗೇ ಗಟ್ಟಿಯಾಗುತ್ತಿತ್ತು. ಮಗನಿಗೆ ಹದಿನೈದು ತುಂಬುವ ಮೊದಲೇ ಅವರು ಹೋದರು.

ಅಂಥ ಮನೆಗೆ ಎಂಬತ್ತಮೂರರ ಬೇಸಿಗೆಯಲ್ಲಿ ಮಗನೇ ಐದು ಬಾಟಲಿ ತಂದು ಒಲೆಯ ಪಕ್ಕ ಇಟ್ಟ. ಎಲ್ಲ ಖಾಲಿ. ಎರಡು ಕೊಬ್ಬರಿ ಎಣ್ಣೆಯವು, ಮೂರು ಔಷಧಿಯವು.

"ಬೈಬೇಡಮ್ಮ. ಶನಿವಾರ ನಂಗೆ ಪರೀಕ್ಷೆ."

ಜಾಲಹಳ್ಳಿಯ ಒಂದು ಕಾರ್ಖಾನೆಯ ಗೆಸ್ಟ್ ಹೌಸಿನಲ್ಲಿ ಅವನು ಎರಡು ವರ್ಷದಿಂದ ಟೆಂಪರರಿ ಬೇರರ್. ಹೊರದೇಶದ ಇಂಜಿನಿಯರುಗಳು ಬಂದು ಇಳಿಯುವ ಜಾಗ. ಅವರಿಗೆ ಡ್ರಿಂಕ್ಸ್ ಕೊಡುತ್ತಿದ್ದ ಫಕೀರಪ್ಪನವರು ರಿಟೈರ್ ಆಗುವವರಿದ್ದರು. ಪರೀಕ್ಷೆ ಪಾಸಾದರೆ ಆ ಕೆಲಸ ಇವನಿಗೆ ಖಾಯಂ. ಇಲ್ಲದಿದ್ದರೆ ತಿಂಗಳ ಕೊನೆಗೆ ಮತ್ತೆ ಯಶವಂತಪುರದ ಮಂಡಿಯಲ್ಲಿ ಮೂಟೆ ಹೊರಬೇಕು. ಮೂಟೆ ಹೊರುತ್ತಿದ್ದ ದಿನಗಳಲ್ಲಿ ಅವನು ಗೋಡೆ ಹಿಡಿದುಕೊಂಡು ಏಳುತ್ತಿದ್ದುದನ್ನು ನಾನು ಮರೆತಿರಲಿಲ್ಲ. ಬೈಯಲಿಲ್ಲ.

ಕಲಿಸಲು ಬಂದವರು ಪಕ್ಕದ ಬೀದಿಯ ಮೆಹಬೂಬ್ ಪಾಷಾ, ಅದೇ ಗೆಸ್ಟ್ ಹೌಸಿನ ಅಡುಗೆಯವರು.

"ಹೆಸರೆಲ್ಲ ನಂಗೆ ಬಾಯಿಪಾಠ ಅಕ್ಕಾ. ಇಪ್ಪತ್ತು ವರ್ಷದಿಂದ ನೋಡ್ತಾ ಇದೀನಿ. ಒಂದು ಹನಿ ನಾಲಿಗೆ ಮೇಲೆ ಬಿದ್ದಿಲ್ಲ, ಖುದಾ ಕಸಮ್."

"ಮತ್ತೆ ರುಚಿ ಹೆಂಗೆ ಗೊತ್ತು?"

"ಕುಡಿದೋರ ಮುಖ ನೋಡಿದ್ರೆ ಗೊತ್ತಾಗಲ್ವಾ?"

ಒಂದು ಬಾಟಲಿಗೆ ನಿಂಬೆ ನೀರು ತುಂಬಿ ಶೆರಿ ಎಂದರು. ಮೆಂತ್ಯ ನೆನೆಸಿದ ಕಹಿ ನೀರು ವರ್ಮೂತ್. ಇವೆರಡೂ ಊಟಕ್ಕೆ ಮೊದಲು, ಹಸಿವು ಹುಟ್ಟಿಸಲು. ಇಂಥವಕ್ಕೆಲ್ಲ ಸೇರಿ ಅಪೆರಿಟಿಫ್ ಎಂದು ಹೆಸರಂತೆ. ಬೆಲ್ಲದ ನೀರು ಪೋರ್ಟ್, ಟೀ ಡಿಕಾಕ್ಷನ್ ಬ್ರಾಂಡಿ, ಪುದೀನ ಅರೆದು ಸೋಸಿದ ರಸ ಕ್ರೀಮ್ ಡಿ ಮೆಂತ್. ಈ ಮೂರು ಊಟದ ನಂತರ. ಅವು ಡೈಜೆಸ್ಟಿಫ್.

"ಊಟ ಆದ್ಮೇಲೂ ಕುಡೀತಾರಾ? ಹೊಟ್ಟೆ ತುಂಬಿದ್ಮೇಲೆ ಯಾಕ್ ಬೇಕಪ್ಪಾ?" ಎಂದೆ. ನಾನು ಕಂಡ ಕುಡುಕರೆಲ್ಲ ಖಾಲಿ ಹೊಟ್ಟೆಯವರು.

"ತುಂಬಿದ್ದಕ್ಕೇ ಅಕ್ಕಾ. ತಿಂದಿದ್ದು ಇಳೀಬೇಕಲ್ಲ."

"ಓ, ನಮ್ಮ ಎಲೆಯಡಿಕೆ ಇದ್ದಂಗೆ ಅನ್ನಿ."

ಪಾಷಾ ಹೋದ ಮೇಲೆ ಕಾಶಿನಾಥ ಎಲ್ಲವನ್ನೂ ಕಲಸಿಬಿಟ್ಟ. ಪೋರ್ಟನ್ನು ಊಟಕ್ಕೆ ಮೊದಲು ಕೊಟ್ಟ, ವರ್ಮೂತನ್ನು ಕೊನೆಗೆ. ಬೆವರು ಒರೆಸಿಕೊಂಡು ಗೋಡೆಗೆ ಒರಗಿದ. ನಾನು ಹೆಸರುಬೇಳೆ ಒಲೆಗಿಟ್ಟು, ಎರಡು ಬಾಟಲಿಗಳನ್ನು ಒಲೆಯ ಎಡಕ್ಕೂ ಮೂರನ್ನು ಬಲಕ್ಕೂ ಜೋಡಿಸಿದೆ.

"ನೋಡು ಮಗ, ಇಂಗೆ ನೆನಪಿಟ್ಕೋ. ಎಡಗಡೆಯವು ಎಲೆ ಹಾಕೋಕ್ ಮುಂಚೆ. ಬಲಗಡೆಯವು ಕೈ ತೊಳೆದ್ಮೇಲೆ, ಎಲೆಯಡಿಕೆ ತಟ್ಟೆ ಬರೋ ಹೊತ್ಗೆ. ಎಂಜಲು ಕೈಗೆ ಮಾತ್ರ ಏನೂ ಕೊಡಬೇಡ."

ಅಲ್ಲಿಂದ ಮುಂದೆ ಅವನು ತಪ್ಪಲಿಲ್ಲ. ನಾಲ್ಕು ದಿನ ನಾನು ಪಾತ್ರೆ ಉಜ್ಜುತ್ತಾ, ರಾಗಿ ಕೇರುತ್ತಾ ಕೇಳಿದೆ. ಅವನು ಹೇಳುತ್ತಾ ಹೋದ.

ಶನಿವಾರ ಮಧ್ಯಾಹ್ನ ಮೂರಕ್ಕೆ ಪಾಷಾ ಒಬ್ಬರೇ ಬಂದರು. ಮೊರ ಕೆಳಗಿಟ್ಟು ಬಾಗಿಲಿಗೆ ಬಂದೆ.

"ಅಕ್ಕಾ, ಕೈ ತೊಳೆದ್ಮೇಲೆ ಅಂತ ಹೇಳ್ಕೊಟ್ಟಿದ್ದು ನೀವೇನಾ?"

"ಹೂಂ. ಯಾಕೆ?"

"ಅಯ್ಯೋ! ಅವರು ಚಮಚ ಮುಳ್ಳುಚಮಚದಲ್ಲಿ ತಿನ್ನೋರು. ಎದ್ದು ಕೈ ಎಲ್ಲಿ ತೊಳೀತಾರೆ? ಶೆರಿ ಸರಿಯಾಗೇ ಕೊಟ್ಟ. ಊಟ ಮುಗೀತು. ಮ್ಯಾನೇಜರ್ ವೆಂಕಟಸ್ವಾಮಿಯವರು, ಇಬ್ಬರು ದೊರೆಗಳು ಕೂತೇ ಇದಾರೆ. ನಿಮ್ಮ ಮಗ ಟ್ರೇ ಹಿಡ್ಕೊಂಡು ನಿಂತೇ ಇದಾನೆ. ಅವರು ಏಳಲ್ಲ, ಇವನು ಕೊಡಲ್ಲ!"

ಅವನ ದಾರಿ ತಪ್ಪಿಸಿದವಳು ನಾನೇ.

"ಮ್ಯಾನೇಜರ್ ಕೇಳಿದ್ರು, ಯಾಕಯ್ಯಾ ಕಂಬದಂಗೆ ನಿಂತಿದೀಯ ಅಂತ. ಇವನು ಟ್ರೇ ಕೆಳಗಿಟ್ಟು ಅಡುಗೆಮನೆಗೆ ಓಡಿಬಂದ. ಪಾಷಾ ಭಾಯ್, ಮೂರು ಬಟ್ಟಲು ಬಿಸಿನೀರು ಕೊಡಿ, ನಿಂಬೆ ಹಾಕಿ ಅಂದ. ಒಗೆದ ಟವೆಲ್ ತಗೊಂಡ. ಕೂತಿದ್ದಲ್ಲಿಗೇ ಹೋಗಿ ಒಬ್ಬೊಬ್ಬರ ಮುಂದೂ ಬಟ್ಟಲು ಇಟ್ಟ. ನಮ್ಮ ಕಡೆ ಕೈ ತೊಳೆದ್ರೇನೇ ಊಟ ಮುಗಿದಂಗೆ ಸಾರ್ ಅಂದ."

"ಆಮೇಲೆ?"

"ವಯಸ್ಸಾದ ದೊರೆ ಬಟ್ಟಲಿಗೆ ಬೆರಳು ಅದ್ದಿ ಹಂಗೇ ಕಣ್ಮುಚ್ಚಿದ. ಎರಡು ತಿಂಗಳಿಂದ ಇದೀನಿ, ಇವತ್ತೇ ಯಾರೋ ನನ್ನನ್ನ ಮನೆಗೆ ಕರೆದು ಊಟ ಹಾಕಿದಂಗಾಯ್ತು ಅಂದನಂತೆ. ಮ್ಯಾನೇಜರ್ ಒಂದೊಂದೇ ಬಾಟಲಿ ಮುಟ್ಟಿ ಕೇಳಿದ್ರು. ನಿಮ್ಮ ಮಗ ಎಲ್ಲ ಹೆಸರೂ ಹೇಳಿದ. ಯಾವುದು ಮೊದಲು, ಯಾವುದು ಆಮೇಲೆ, ಯಾಕೆ ಅಂತಾನೂ."

"ಪಾಸೋ ಫೇಲೋ ಹೇಳ್ರೀ ಪಾಷಾ!"

"ಅವನನ್ನೇ ಕೇಳಿ. ಸಂತೋಷದಲ್ಲಿ ಬಸ್ಸಿಗೂ ಕಾಯದೆ ನಡ್ಕೊಂಡ್ ಬರ್ತಾ ಇದಾನೆ."

ಕಾಶಿನಾಥ ಬಂದಾಗ ಅವನ ತೋಳಿನ ಮೇಲೆ ಹಿತ್ತಾಳೆ ಗುಂಡಿಯ ಬಿಳಿ ಕೋಟು ಇತ್ತು. ಫಕೀರಪ್ಪನವರು ಬಿಚ್ಚಿಕೊಟ್ಟದ್ದು. ಒಂದನೇ ತಾರೀಕಿನಿಂದ ಖಾಯಂ. ಇನ್ನು ಮುಂದೆ ಊಟ ಮುಗಿದ ಮೇಲೆ ಬಿಸಿನೀರಿನ ಬಟ್ಟಲು ಇಡಬೇಕೆಂದು ಮ್ಯಾನೇಜರ್ ಆರ್ಡರ್ ಮಾಡಿದ್ದರು.

ತೊಡಿಸಿ ನೋಡಿದೆ. ಫಕೀರಪ್ಪನವರ ಹೊಟ್ಟೆಗೆ ಹೊಲಿದ ಕೋಟು. ನನ್ನ ಮಗ ಅದರೊಳಗೆ ಎರಡು ಸಲ ಹಿಡಿಸುತ್ತಿದ್ದ.

"ಕಾಶಿ, ದಿನಾ ಆ ವಾಸನೆ ಮಧ್ಯೆ ಇರ್ಬೇಕಲ್ಲೋ," ಎಂದೆ. ಅವನ ಅಪ್ಪನ ಮಾತು ಎತ್ತಲಿಲ್ಲ.

ಅವನಿಗೆ ಅರ್ಥವಾಯಿತು. "ಅಮ್ಮ, ಅಲ್ಲಿ ಯಾರೂ ಊಟ ಬಿಟ್ಟು ಕುಡಿಯಲ್ಲ. ನಾನೂ ಊಟ ಬಿಡಲ್ಲ. ಈಗ ಮುದ್ದೆ ಹಾಕು, ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಎರಡು ಮುದ್ದೆ ಉಂಡ. ಪಾಷಾಗೆ ಟೀ ಕೊಟ್ಟು, ಕಿಟಕಿಯ ಬೆಳಕಿಗೆ ಕುಳಿತು ಕೋಟಿನ ಪಕ್ಕದ ಹೊಲಿಗೆ ಬಿಚ್ಚತೊಡಗಿದೆ. ಒಂದೊಂದು ಕಡೆಯೂ ನಾಲ್ಕು ಬೆರಳು ಒಳಗೆ ಹಿಡಿಯಬೇಕಿತ್ತು. ಮಿಕ್ಕ ಬಟ್ಟೆಯನ್ನು ಕತ್ತರಿಸಲಿಲ್ಲ, ಒಳಗೇ ಮಡಚಿ ಹೊಲಿದೆ. ಮುಂದೆ ಅವನೂ ಮೈ ತುಂಬಿಕೊಂಡಾನು.