ಮಷೀನಿಗೆ ಬಂದ ತಂಪು

"ಕೆಂಪು ಬಂದು ಎಷ್ಟೊತ್ತಾಯ್ತೇ? ಕಣ್ಣು ಮನೇಲಿ ಬಿಟ್ಟು ಬಂದಿದ್ಯಾ?" ಎನ್ನುತ್ತ ಫಾಬ್ರೆ ಸಾಹೇಬ, ಆಗಷ್ಟೇ ಒಳಗೆ ಬಂದ ಜಿಸೆಲ್‌ಳ ಖಾಲಿ ಕುರ್ಚಿಯನ್ನು ಕಾಲಿನಿಂದ ತಳ್ಳಿದ.

ಅವಳು ಎದ್ದು ಹೋಗಿದ್ದು ಪಕ್ಕದ ಕುರ್ಚಿಯ ಸೋಯ್ಲಿಹಿಗೆ ಒದ್ದೆ ಬಟ್ಟೆ ತರಲು. ಅರವತ್ತು ದಾಟಿದ ಜೀವ, ಬೆಳಗಿನಿಂದ ತಲೆ ಸುತ್ತುತ್ತಿದೆ ಎನ್ನುತ್ತಿದ್ದ. ಮಾರ್ಸೆಯ್ ಬಂದರಿನ ಪಕ್ಕದ ಆ ಕಟ್ಟಡದಲ್ಲಿ ಸಾವಿರಾರು ಕಂಪ್ಯೂಟರುಗಳು ತಣ್ಣಗೆ ಕೂತಿದ್ದವು. ಅವುಗಳ ಶಾಖ ನೋಡಲು ಸಾಲುಸಾಲಿಗೂ ಬೆಂಕಿಪೊಟ್ಟಣದಷ್ಟು ಸೆನ್ಸರುಗಳು. ಇಪ್ಪತ್ತೇಳು ಡಿಗ್ರಿ ದಾಟಿದರೆ ಸಾಕು, ಪರದೆ ಕೆಂಪಾಗಿ ಎಲ್ಲರ ಫೋನೂ ಹೊಡೆದುಕೊಳ್ಳುತ್ತಿತ್ತು. 'ನೋಡಿದೆ' ಎಂದು ಗುಂಡಿ ಒತ್ತಿ, ಆಳು ಕಳಿಸಿ, ಕಾರಣ ಬರೆಯುವುದು ಇವರಿಬ್ಬರ ಕೆಲಸ. ಆದರೆ ಇವರು ಕೂರುವುದು ತಗಡಿನ ಮಾಡಿನ ಕೆಳಗೆ, ಒಂದು ಸೆನ್ಸರೂ ಇಲ್ಲದ ಕೋಣೆಯಲ್ಲಿ. ಅಲ್ಲಿನ ಏಸಿ ಕೆಟ್ಟು ಬೇಸಿಗೆಯೇ ಮುಗಿಯುತ್ತ ಬಂದಿತ್ತು, ಯಾವನೂ ತಲೆ ಹಾಕಿರಲಿಲ್ಲ.

ಸೋಯ್ಲಿಹಿಯನ್ನು ಮನೆಗೆ ಕಳಿಸಿ ಎಂದು ಜಿಸೆಲ್ ಕೇಳಿಕೊಂಡಳು. ಧಾರಾಳವಾಗಿ ಹೋಗಲಿ, ನಾಳೆಯಿಂದ ಬರುವುದು ಬೇಡ ಎಂದ ಸಾಹೇಬ. ಪಿಂಚಣಿಗೆ ಇನ್ನೊಂದು ಚಳಿಗಾಲ ಕಳೆಯಬೇಕಿತ್ತು. ಸೋಯ್ಲಿಹಿ ಮೇಜಿನ ಅಂಚು ಹಿಡಿದು ನೆಟ್ಟಗೆ ಕೂತ.

"ಈ ರೂಮಲ್ಲಿ ಬೆಂದು ಹೋಗ್ತಾ ಇದೀವಿ ಸಾರ್" ಎಂದಳು ಜಿಸೆಲ್.

"ಬೆಂದು ಹೋಗ್ತಿದ್ರೆ ಅಲಾರಂ ಬರ್ಬೇಕಿತ್ತಲ್ಲ? ಈ ರೂಮಿಂದ ಎಲ್ಲಿ ಬಂದಿದೆ ತೋರ್ಸು." ಸಾಹೇಬ ಪರದೆಯತ್ತ ಕೈ ಮಾಡಿ ನಕ್ಕ. "ಸೆಕೆಯಾದ್ರೆ ಬಿಚ್ಕೊಂಡು ಕೂತ್ಕೋ. ಯಾವನು ನೋಡ್ತಾನೆ ನಿನ್ನ?"

ಅವನು ಅತ್ತ ಹೋದದ್ದೇ ತಡ, ಜಿಸೆಲ್ ಎದ್ದಳು. "ಬಡ್ಡಿಮಗನಿಗೆ ಅಲಾರಂ ಬೇಕಂತೆ. ಕೊಡ್ತೀನಿ ತಾಳಣ್ಣ."

"ಬ್ಯಾಡ ಕಣವ್ವ, ಇರೋ ಅನ್ನಾನೂ ಹೋಯ್ತದೆ" ಎಂದ ಸೋಯ್ಲಿಹಿ. ಮಾತು ತೊದಲುತ್ತಿತ್ತು.

ಅವಳು ಮಷೀನಿನ ಸಾಲಿನಿಂದ ಒಂದು ಸೆನ್ಸರು ಕಿತ್ತು ತಂದು ಅವನ ಮುಂದಿಟ್ಟಳು. ಅಂಕಿ ಏರಿ ಏರಿ ಮೂವತ್ತೆಂಟಕ್ಕೆ ನಿಂತಿತು. ಪರದೆಯಲ್ಲಿ ಕೆಂಪಾದದ್ದು ಅದು ಮೊದಲಿದ್ದ ಮಷೀನಿನ ಸಾಲು, ಇಡೀ ಕಟ್ಟಡ ಎದ್ದು ಕೂತಿತು. ಮೂವರು ಆಳುಗಳು ಗಾಲಿ ಮೇಲಿನ ಏಸಿಯೊಂದನ್ನು ತಳ್ಳಿಕೊಂಡು ಇವರ ಬಾಗಿಲ ಮುಂದೆಯೇ ಹಾದು ಮಷೀನಿನ ಹಾಲಿಗೆ ಓಡಿದರು. ಇಲ್ಲಿಗೆ ಯಾರೂ ಇಣುಕಲಿಲ್ಲ. ಅಲ್ಲಿ ಎಲ್ಲ ತಣ್ಣಗಿತ್ತು.

ಕೊನೆಗೆ ಸಾಹೇಬನೇ ಬಂದ. ಬಾಗಿಲ ಬಳಿ ಗಾಳಿಗೆಂದು ಹೋಗಿದ್ದ ಸೋಯ್ಲಿಹಿ ಅಲ್ಲೇ ಕುಸಿದಿದ್ದ, ಕಾಲು ಹಾಲಿಗೆ ಹೋಗುವ ಓಣಿಗೆ ಚಾಚಿತ್ತು. ಜಿಸೆಲ್ ಆಂಬುಲೆನ್ಸಿಗೆ ಫೋನು ಮಾಡಿ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಸಾಹೇಬ ಅವನನ್ನು ದಾಟಿ ಒಳಗೆ ಬಂದು ಮೇಜಿನ ಮೇಲಿದ್ದುದನ್ನು ನೋಡಿದ. ಹೋದ ಜೀವ ಬಂದವನಂತೆ ಉಸಿರು ಬಿಟ್ಟ.

"ಅಯ್ಯೋ ಮುಂಡೇದೆ, ಇದಿಲ್ಲಿತ್ತಾ? ಸದ್ಯ, ಏನೂ ಆಗಿಲ್ಲ."

"ಆ ಏಸಿ ಇಲ್ಲಿ ಹಚ್ಚಿ ಸಾರ್. ಕಾಲಿಗೆ ಬೀಳ್ತೀನಿ."

"ಅದು ಮಷೀನಿಗೆ ಬಂದಿರೋದು. ನೀನು ಮೊದ್ಲು ಅಲಾರಂ ಮುಚ್ಚು. 'ಏನೂ ಇಲ್ಲ' ಅಂತ ಬರಿ."

ಸೆನ್ಸರನ್ನು ಪ್ಯಾಂಟಿನ ಜೇಬಿಗೆ ಇಳಿಬಿಟ್ಟು ಅವನು ನಡೆದ. ಜಿಸೆಲ್ ಗುಂಡಿ ಒತ್ತಲು ಏಳಲಿಲ್ಲ. ಏನನ್ನೂ ಬರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಎಲ್ಲರ ಫೋನೂ ಮತ್ತೆ ಕೂಗಿತು. ಜೇಬಿನ ಸೆನ್ಸರು ತನ್ನ ತೊಡೆಯ ಬಿಸಿಗೇ ಕಾವೇರುತ್ತಿದೆ ಎಂಬುದು ಸಾಹೇಬನಿಗೆ ಹೊಳೆಯಲಿಲ್ಲ.

"ಇನ್ನೂ ಇಳಿದಿಲ್ಲ! ತಳ್ರೋ ಅದನ್ನ, ಎಲ್ಲಾ ಸಾಲೂ ನೋಡ್ರೋ!" ಅವನ ದನಿ ಓಣಿಯ ತುದಿಯಿಂದ ಕೇಳಿತು.

ವಾಪಸು ಹೊರಟಿದ್ದ ಆಳುಗಳು ಏಸಿಯನ್ನು ತಿರುಗಿಸಿ ಓಡಿ ಬಂದರು. ಬಾಗಿಲ ಮುಂದೆ ಸೋಯ್ಲಿಹಿಯ ಕಾಲು ಅಡ್ಡವಾಗಿ ಗಾಲಿ ನಿಂತಿತು.

"ಆ ಕಾಲು ಒಸಿ ಸರ್ಸವ್ವ. ಅರ್ಜೆಂಟು."

ಅವಳ ಕೈ ಹಿಡಿದಿದ್ದ ಸೋಯ್ಲಿಹಿಯ ಬೆರಳು ಸಡಿಲವಾದವು. ಜಿಸೆಲ್ ಅವನ ಕಾಲು ಸರಿಸಲಿಲ್ಲ. ತನ್ನ ಕಾಲನ್ನೂ ಅದರ ಪಕ್ಕಕ್ಕೆ ಚಾಚಿ ಕೂತಳು.