ಕೈಯಾರೆ ಹಾಕಿದ ಆರು

ಫ್ಯಾನಿನ ಗಾಳಿಗೆ ಪುಟ ಮಗುಚುತ್ತಿದೆ, ಪರೀಕ್ಷಕರು ಅದನ್ನು ಪೆನ್ನಿನಿಂದ ಅದುಮಿ ಹಿಡಿದಿದ್ದಾರೆ, ಅಕ್ಕನ ಪಿಎಚ್‌ಡಿ ಪ್ರಬಂಧ, ಎಲ್ಲರೆದುರಿನ ಮೌಖಿಕ ಪರೀಕ್ಷೆ, ನಾನೇ ಬೈಂಡ್ ಮಾಡಿಸಿದ ನೀಲಿ ರಟ್ಟು, ಚೆನ್ನಾಗಿಯೇ ಬಂದಿದೆ ಎಂದು ಈಗಷ್ಟೇ ಬೀಗುತ್ತಿದ್ದೆ — ಏನು ಓದುತ್ತಿದ್ದಾರೆ ಇವರು, ಗಟ್ಟಿಯಾಗಿ, ಆ ರಾತ್ರಿಪಾಳಿಯಲ್ಲಿ ನನಗೆ ತೂಕಡಿಕೆ ಬಂತು, ಕಣ್ಣು ಬಿಟ್ಟಾಗ ಮಗು ಉಸಿರಾಡುತ್ತಿರಲಿಲ್ಲ, ಇದು ಹೆಸರು ಹಾಕಬೇಡಿ ಎಂದು ಅತ್ತು ಕೇಳಿಕೊಂಡ ನರ್ಸಿನ ಮಾತು, ಅಡಿಟಿಪ್ಪಣಿಯಲ್ಲಿ ಅಕ್ಕ ಹೆಸರು ಬೇಡವೆಂದವರು ಎಂದಷ್ಟೇ ಬರೆದಿದ್ದಳು, ಮತ್ತೆ ಇವರೇಕೆ ಟಿಪ್ಪಣಿ ಆರು ಎನ್ನುತ್ತಾ ಹಿಂದಕ್ಕೆ ತಿರುವಿ ಚಿಕ್ಕಮ್ಮನ ಹೆಸರು ಓದುತ್ತಿದ್ದಾರೆ, ಪೂರ್ತಿ ಹೆಸರು, ಮೊದಲ ಸಾಲಿನಲ್ಲೇ ಕೂತಿರುವ ನಮ್ಮ ಚಿಕ್ಕಮ್ಮ, ಹೆರಿಗೆ ವಾರ್ಡಿನ ನರ್ಸಾಗಿಯೇ ತಲೆ ನರೆಸಿಕೊಂಡವಳು, ಎಳೆಗೂಸುಗಳನ್ನು ಬೆಚ್ಚಗಿಡುವುದು ಹೇಗೆಂದು ಮಾತ್ರ ಅಕ್ಕನಿಗೆ ಹೇಳಿದ್ದವಳು. ಟೈಪ್ ಮಾಡುವಾಗಲೇ ಅಕ್ಕ ಹೇಳಿದ್ದಳು, ಅದೇ ಟಿಪ್ಪಣಿ ಇನ್ನೊಂದ್ ಸಲ ಬಂದಾಗ ಕ್ರಾಸ್ ರೆಫರೆನ್ಸ್ ಹಾಕ್ಬೇಕಂತೆ ಕಣೋ, ನಂಬರ್ ಬದಲಾದ್ರೆ ಅದೂ ಬದಲಾಗತ್ತಂತೆ. ನಕ್ಕಿದ್ದೆ, ಡಿಟಿಪಿ ಅಂಗಡಿ ಇಟ್ಟೋನಿಗೇ ಹೇಳಿಕೊಡ್ತೀಯಾ, ಮೆನು ಹುಡುಕಲು ಮೈಗಳ್ಳತನ, ಆ ನರ್ಸಿನ ಮಾತು ಎರಡನೇ ಸಲ ಬಂದ ಕಡೆ ಕೈಯಾರೆ ಆರು ಒತ್ತಿದೆ, ಸಾಲಿನಿಂದ ಮೇಲಕ್ಕೇರಿಸಿದೆ, ಪುಟ್ಟದಾಗಿ ನಿಂತಿತು, ಉಳಿದವುಗಳ ಹಾಗೆಯೇ, ಯಾರಪ್ಪನಿಗೂ ಗೊತ್ತಾಗುವಂತಿರಲಿಲ್ಲ. ಅಕ್ಕ ಕರಡು ತಿದ್ದಿದಾಗ ಆರು ಆರೇ ಆಗಿತ್ತು. ಅವಳು ಅಂಗಡಿಯಿಂದ ಹೋದ ಮೇಲೆ ನೋಡಿದೆ, ಕೃತಜ್ಞತೆಯಲ್ಲಿ ಭಾವ ಇದ್ದಾರೆ, ಮೇಷ್ಟ್ರು ಇದ್ದಾರೆ, ಲೈಬ್ರರಿಯ ಜವಾನ ಕೂಡ ಇದ್ದಾನೆ, ನಾನೆಲ್ಲಿ, ಹೊಟ್ಟೆ ಉರಿಯಿತು, ಹೌದು ಉರಿಯಿತು, ಮೊದಲ ಪುಟಕ್ಕೆ ನಾನೇ ಒಂದು ಅಡಿಟಿಪ್ಪಣಿ ಸೇರಿಸಿಬಿಟ್ಟೆ, ಈ ಗ್ರಂಥಕ್ಕೆ ರೂಪ ಕೊಟ್ಟ ತಮ್ಮನಿಗೆ ನಾನು ಋಣಿ, ಅಕ್ಕನ ಬಾಯಲ್ಲಿ ನನ್ನ ಹೊಗಳಿಕೆ, ನನ್ನದೇ ಬೆರಳಿನಿಂದ. ಅದು ನಂಬರ್ ಒಂದಾಯಿತು, ಒಂದಿದ್ದದ್ದು ಎರಡಾಯಿತು, ಐದಿದ್ದ ಚಿಕ್ಕಮ್ಮ ಆರಾದಳು, ಹೆಸರು ಬೇಡವೆಂದವಳು ಏಳಾದಳು, ಎಲ್ಲರೂ ಸರಿದು ನನಗೆ ಜಾಗ ಬಿಟ್ಟರು, ಕೈಯಾರೆ ಹಾಕಿದ ಆರು ಮಾತ್ರ ಅಲ್ಲೇ ಕೂತಿತು.

ಚಿಕ್ಕಮ್ಮ ಎದ್ದಿದ್ದಾಳೆ, ಮೇಜಿನ ಹತ್ತಿರ ಹೋಗಿ ಬಗ್ಗಿ ನೋಡುತ್ತಿದ್ದಾಳೆ, ಬೆರಳು ಆರರ ಕೆಳಗಿದೆ, ಹಿಂದಿನವರು ಪಿಸುಗುಡುತ್ತಿದ್ದಾರೆ, ಇವರೇನಾ, ನೋಡಿದ್ರೆ ಹಾಗನ್ನಿಸಲ್ಲ, ಅವರಿಗೇನು ಗೊತ್ತು, ನಾನು ಹುಟ್ಟಿದ್ದೂ ಆ ಕೈಯಲ್ಲೇ. ಅಕ್ಕ ಹೇಳುತ್ತಿದ್ದಾಳೆ, ನಾನು ತಿದ್ದಿದಾಗ ಸರಿಯಾಗೇ ಇತ್ತು ಸರ್, ಆಮೇಲೆ ಯಾರೂ ಮುಟ್ಟಿಲ್ಲ — ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಅಷ್ಟು ನಂಬಿಕೆ. ಹಾಗಾದರೆ ಈ ಮಾತು ಯಾರದು, ಅವರ ಹೆಸರು ಹೇಳಿ ಎನ್ನುತ್ತಾರೆ ಪರೀಕ್ಷಕರು, ಅಕ್ಕ ಹೇಳುವಂತಿಲ್ಲ, ಮಾತು ಕೊಟ್ಟಿದ್ದಾಳೆ. ಏಳು, ಎದ್ದು ನಿಂತು ನಂಬರ್ ಜರುಗಿದೆ ಅನ್ನು, ಅಷ್ಟೇ ಸಾಕು, ಆದರೆ ಯಾಕೆ ಜರುಗಿತು ಎಂದರೆ ಮೊದಲ ಪುಟ ತೆಗೆಯಬೇಕು, ನನ್ನ ಆ ಋಣಿಯನ್ನು ಎಲ್ಲರೆದುರು ಓದಬೇಕು, ಥೂ, ಚಿಕ್ಕಮ್ಮನ ಮಾನ ಹೋಗುತ್ತಿರುವಾಗ ನನಗೆ ನನ್ನ ಮುಖದ ಚಿಂತೆ, ನಾಚಿಕೆಯಾಗುತ್ತಿದೆ, ಆದರೂ ಏಳುತ್ತಿಲ್ಲ ನಾನು. ಚಿಕ್ಕಮ್ಮ ಕನ್ನಡಕ ತೆಗೆದಳು. ಆ ಹುಡುಗೀನ ಹುಡುಕ್ಬೇಡಿ, ನನ್ನ ಹೆಸರೇ ಇರ್ಲಿ ಬಿಡಿ, ನನಗೇನು, ವಯಸ್ಸಾಯ್ತು. ಪರೀಕ್ಷಕರು ತಲೆಯಾಡಿಸಿ ಪೆನ್ನು ತೆಗೆದುಕೊಂಡು ಅಂಚಿನಲ್ಲಿ ಸರಿ ಎಂದು ಗುರುತು ಹಾಕುತ್ತಿದ್ದಾರೆ, ಬೇಡ, ನಿಲ್ಲಿಸಿ, ಕುರ್ಚಿಯ ಅಂಚು ಹಿಡಿದು ಕೂತೇ ಇದ್ದೇನೆ, ಅವಳ ಬೆರಳು ಇನ್ನೂ ಅಲ್ಲೇ ಇದೆ, ಬೆರಳಿನ ಮೇಲೆ ಪುಟ್ಟದಾಗಿ, ಕಪ್ಪಗೆ, ಆರು, ಆರು