ಹಿಂದಿನ ಗಾಜಿನ ಸಾವಕಾರರು

ಆ ಗಾಡಿಯಲ್ಲಿ ಕೂತರೆ ಹಿಂದಿನದು ಏನೂ ಕಾಣುವುದಿಲ್ಲ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಒಂದೂವರೆ ವರ್ಷ! ಕೇಳುವವರು ಯಾರು? ಡ್ರೈವರ್ ಆಡಿದ್ದು ಮಾತಲ್ಲ, ಇಂಜಿನ್ನಿನ ಸಪ್ಪಳ.

ನಾನು ನಿಜಾಮುದ್ದೀನ. ಬಸವನ ಬಾಗೇವಾಡಿಯ ಲಿಂಬೆ ವ್ಯಾಪಾರಿ ಗುರುಲಿಂಗಪ್ಪ ಸಾವಕಾರರ ಮನೆಯಲ್ಲಿ ಇಪ್ಪತ್ತೆರಡು ವರ್ಷ ಜೀಪು ಓಡಿಸಿದವನು. ಅವರು ತೀರಿಕೊಂಡ ಮೇಲೆ ಮಗ ಸಿದ್ದಾರೂಢ ಜೀಪು ಮಾರಿ ಈ ಏಳು ಸೀಟಿನ ಬಿಳಿ ಗಾಡಿ ತಂದ. ಚಿಕ್ಕವನಿದ್ದಾಗ ನನ್ನ ತೊಡೆಯ ಮೇಲೆ ಕೂತು ಹಾರ್ನ್ ಬಾರಿಸುತ್ತಿದ್ದವನು, ಈಗ ನನ್ನ ಸಾವಕಾರ. ಇರಲಿ. ಆದರೆ ಅದು ಗಾಡಿಯೇ? ಚಕ್ರ ಹಚ್ಚಿದ ಮನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ತಿರುಗಿ ಸಂಜೆ ಇಳಿದರೆ ಸೊಂಟ ನನ್ನದಲ್ಲ, ಕುತ್ತಿಗೆ ನನ್ನದಲ್ಲ.

ಹಿಂದಿನ ಗಾಜಿನ ತುಂಬ ಗುರುಲಿಂಗಪ್ಪ ಸಾವಕಾರರ ಸ್ಟಿಕರ್. ರುಮಾಲು, ಮೀಸೆ, ಹಣೆಯ ಮೇಲೆ ವಿಭೂತಿ, ಕೆಳಗೆ ಬಳ್ಳಿಯಂಥ ಅಕ್ಷರಗಳಲ್ಲಿ ‘ಅಪ್ಪಾಜಿಯ ಆಶೀರ್ವಾದ’. ಪರಿಚಯದವರು ಹಿಂದಿನಿಂದ ನೋಡಿ ಕೈ ಮುಗಿಯುತ್ತಾರೆ. ಒಳಗಿನ ಕನ್ನಡಿಯಲ್ಲಿ ನನಗೆ ಕಾಣುವುದು ಬರೀ ಕಪ್ಪು.

ಹಿಂದೆ ಕ್ಯಾಮೆರಾ ಇದೆ, ಸುಳ್ಳು ಹೇಳಬಾರದು. ಆದರೆ ಸರಿಯಾಗಿ ಅದರ ಮುಂದೆಯೇ ದೃಷ್ಟಿಗೆಂದು ಕರೀ ದಾರದಲ್ಲಿ ಪೋಣಿಸಿದ ಲಿಂಬೆಹಣ್ಣು, ಮೆಣಸಿನಕಾಯಿ, ಒಂದು ಉಣ್ಣೆಯ ಗೊಂಡೆ. ರಿವರ್ಸ್ ಹಾಕಿದರೆ ಸಾಕು, ಪರದೆಯ ತುಂಬ ಕುಂಬಳಕಾಯಿಯಷ್ಟು ದೊಡ್ಡ ಲಿಂಬೆಹಣ್ಣು ತೂಗಾಡುತ್ತದೆ. ಎಡಗಡೆಯ ಕನ್ನಡಿಯಾದರೂ ಇದೆಯಲ್ಲ ಎಂದರೆ, ಅದು ಸಿದ್ದಾರೂಢನ ಮೀಸೆಯ ಪಾಲು. ನನ್ನ ಪಕ್ಕದಲ್ಲಿ ಕೂತವನೇ ಕೈ ಹೊರಗೆ ಹಾಕಿ, ಕನ್ನಡಿಯನ್ನು ಒತ್ತಿ ತನ್ನ ಕಡೆ ತಿರುಗಿಸಿಕೊಂಡುಬಿಡುತ್ತಾನೆ.

“ಸಾವಕಾರ್ರ, ಆ ಫೋಟೊ ತಗದು ಬಾಜೂಕಿನ ಬಾಗಲಿಗೆ ಹಚ್ರಿ. ಹಿಂದ ಏನೂ ಕಾಣವಲ್ದು,” ಎಂದು ಎಷ್ಟು ಸಲ ಹೇಳಿದೆನೋ.

“ಕಾಕಾ, ಅಪ್ಪ ಹಿಂದ ನಿಂತು ಕಾಯಾಕತ್ತಾನ. ನೀ ಯಾಕ ಹಿಂದ ನೋಡ್ತಿ? ಮುಂದ ನೋಡಿ ಹೊಡಿ,” ಎಂದು ನಗುತ್ತಿದ್ದ.

ಈ ಮಾತಿಗೇ ನನಗೆ ಸಿಟ್ಟು ಬರುತ್ತಿತ್ತು. ಯಾಕೆಂದರೆ ಗುರುಲಿಂಗಪ್ಪ ಸಾವಕಾರರು ನಿಜವಾಗಿಯೂ ಹಿಂದೆ ನಿಲ್ಲುತ್ತಿದ್ದರು. ಜೀಪು ಹಿಂದಕ್ಕೆ ತೆಗೆಯಬೇಕೆಂದರೆ ಧೋತರ ಎತ್ತಿ ಹಿಡಿದು ತಾವೇ ಇಳಿಯುವರು. ಹಿಂದೆ ನಿಂತು ಜೀಪಿಗೆ ಅಂಗೈಯಿಂದ ಬಡಿಯುವರು. ಎರಡು ಸಲ ಬಡಿದರೆ ಬಾ, ಒಂದು ಸಲ ಬಡಿದರೆ ನಿಲ್ಲು. “ನೀವ್ಯಾಕ ಇಳೀತೀರಿ ಸಾವಕಾರ್ರ?” ಎಂದರೆ, “ನಿನ್ನ ಬೆನ್ನಿಗೆ ಕಣ್ಣದಾವೇನಲೇ?” ಎಂದು ಬೈಯುವರು. ಅಂಥವರನ್ನು ತಂದು ಗಾಜಿಗೆ ಅಂಟಿಸಿ ನನ್ನ ಕಣ್ಣಿಗೇ ಅಡ್ಡ ಇಟ್ಟಿದ್ದ ಮಗ.

ನನಗೆ ಹೆದರಿಕೆ ಇದ್ದದ್ದು ಗಾಡಿಗೆ ಗೀರು ಬೀಳುತ್ತದೆ ಎಂದಲ್ಲ. ನಾಲತವಾಡದ ಯಂಕಪ್ಪ ನನ್ನ ಜೊತೆಯ ಡ್ರೈವರ್. ಅಂಗಳದಲ್ಲಿ ಗಾಡಿ ಹಿಂದಕ್ಕೆ ತೆಗೆಯುವಾಗ ಸ್ವಂತ ತಮ್ಮನ ಮಗಳೇ ಗಾಲಿಗೆ ಸಿಕ್ಕಿ ಹೋದಳು. ಅಂದಿನಿಂದ ಅವನು ಸ್ಟೇರಿಂಗ್ ಮುಟ್ಟಿಲ್ಲ. ಬಸ್ಸಿನಲ್ಲಿ ಕೂತರೂ ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಾನೆ. ಇಲ್ಲಿ ನಮ್ಮ ಅಂಗಳದಲ್ಲಿ ಸಿದ್ದಾರೂಢನ ಮಗಳು ಐಶ್ವರ್ಯ, ಮೂರು ವರ್ಷದವಳು, ನಿಂತಲ್ಲಿ ನಿಲ್ಲುವ ಕೂಸಲ್ಲ. ನನ್ನ ಕೈಯಿಂದ ಆ ಕೂಸಿಗೆ ಏನಾದರೂ ಆದರೆ? ಯಾ ಅಲ್ಲಾ!

ಸಿಂದಗಿಗೆ ಹೋದಾಗ ಗಾಡಿ ಸಾಮಾನು ಮಾರುವ ತಬ್ರೇಜನ ಅಂಗಡಿಯಲ್ಲಿ ಎರಡೂ ಬದಿಯ ಕನ್ನಡಿಗಳಿಗೆ ಉಬ್ಬಿದ ಪುಟ್ಟ ದುಂಡು ಕನ್ನಡಿ ಅಂಟಿಸಿಕೊಂಡೆ.

“ಕಾಕಾ, ಇವು ಬಾಜೂಕ ಬರೋ ಬೈಕ್ ತೋರಸ್ತಾವ,” ಎಂದ ತಬ್ರೇಜ. “ದೂರ ನಿಂತವರು ಹಿಂದಿನ ಗಾಜಿನಾಗ ಕಾಣ್ತಾರ. ಬಂಪರ್ ಬುಡಕ ಕುಂತ ಕೂಸು ಕ್ಯಾಮೆರಾಕ್ಕಷ್ಟ ಕಾಣ್ತೈತಿ. ನಿಮ್ಮ ಗಾಡಿಗೆ ಅವೆರಡೂ ಕುರುಡ ಆಗ್ಯಾವ ನೋಡ್ರಿ.”

ಅಂದೇ ಲಿಂಬೆಹಣ್ಣಿನ ಸರ ಬಿಚ್ಚಿ ಮೂಲೆಗೆ ಕಟ್ಟಿದೆ. ಮರುದಿನ ಸಿದ್ದಾರೂಢ ಅದನ್ನು ಮತ್ತೆ ನಡುವಿಗೇ ತಂದು ಕಟ್ಟಿದ. ಮೂಲೆಯಲ್ಲಿದ್ದರೆ ಕೆಟ್ಟ ದೃಷ್ಟಿ ತಡೆಯುವುದಿಲ್ಲವಂತೆ. ತಲೆ ಚಚ್ಚಿಕೊಳ್ಳಬೇಕೋ ನಗಬೇಕೋ ತಿಳಿಯಲಿಲ್ಲ. ಅಂದಿನಿಂದ ಗಾಡಿ ಹಿಂದಕ್ಕೆ ತೆಗೆಯುವ ಮೊದಲು ಪ್ರತಿಸಲ ಇಳಿದು ಒಂದು ಸುತ್ತು ಹಾಕಿ ನೋಡತೊಡಗಿದೆ. ಐವತ್ತೊಂಬತ್ತರ ಮೊಣಕಾಲು ದಿನಕ್ಕೆ ಎಷ್ಟು ಸಲ ಇಳಿದು ಹತ್ತೀತು?

ಕಳೆದ ಸೋಮವಾರ ಬೆಳಗ್ಗೆ ಇಂಡಿಯಲ್ಲಿ ಲಿಂಬೆ ಹರಾಜು ಕೂಗುವ ಲಿಲಾವಿಗೆ ಹೋಗುವ ಅವಸರ. ಸುತ್ತು ಹಾಕಿದೆ, ಯಾರೂ ಇರಲಿಲ್ಲ. ಹತ್ತಿ ಕೂತು ಇಂಜಿನ್ ಚಾಲೂ ಮಾಡುವಷ್ಟರಲ್ಲಿ ಸಿದ್ದಾರೂಢ ಮೊಬೈಲ್ ಮರೆತೆನೆಂದು ಒಳಗೆ ಓಡಿದ. ಬಂದು ಕೂತವನು ಮನೆಯ ಬಾಗಿಲು ಹಾಕಿರಲಿಲ್ಲ. ಇನ್ನೊಂದು ಸುತ್ತು ಹಾಕಬೇಕಿತ್ತು. ಮೊಣಕಾಲು ಒಲ್ಲೆ ಎಂದಿತು. ತಪ್ಪು ನನ್ನದು, ಯಾರ ಮೇಲೂ ಹಾಕುವುದಿಲ್ಲ.

“ನಡಿ ಕಾಕಾ, ಹೊತ್ತಾತು. ಹಿಂದ ಯಾರೂ ಇಲ್ಲ,” ಎಂದ ಅವನು, ಮೊಬೈಲಿನಿಂದ ಕಣ್ಣೆತ್ತದೆ.

ರಿವರ್ಸ್ ಹಾಕಿದೆ. ಪರದೆಯ ಮೇಲೆ ಲಿಂಬೆಹಣ್ಣು ಅಂದು ಸ್ವಲ್ಪ ಜಾಸ್ತಿಯೇ ತೂಗಾಡಿತು. ಗಾಳಿ ಇರಬೇಕು ಎಂದುಕೊಂಡೆ. ಗಾಡಿ ನಾಲ್ಕು ಬೆರಳು ಹಿಂದೆ ಸರಿಯಿತು.

ಧಪ್!

ಹಿಂದಿನ ಗಾಜಿಗೆ ಒಂದೇ ಒಂದು ಪೆಟ್ಟು. ತಲೆ ಯೋಚಿಸುವ ಮೊದಲೇ ಕಾಲು ಬ್ರೇಕ್ ತುಳಿದಿತ್ತು. ಇಪ್ಪತ್ತೆರಡು ವರ್ಷ ಆ ಒಂದು ಪೆಟ್ಟಿಗೆ ನಿಂತು ರೂಢಿಯಾದ ಕಾಲು ಅದು.

ಇಳಿದು ಓಡಿದೆ. ದೊಡ್ಡ ಸಾವಕಾರರ ಹೆಂಡತಿ ಕಸ್ತೂರೆವ್ವ ಗಂಡನ ಮುಖದ ಮೇಲೆ ಅಂಗೈ ಊರಿ ಏದುಸಿರು ಬಿಡುತ್ತ ನಿಂತಿದ್ದರು. ಅವರ ಕಾಲ ಬಳಿ, ಬಂಪರಿನಿಂದ ಒಂದು ಗೇಣು ದೂರದಲ್ಲಿ, ಐಶ್ವರ್ಯ ಕುಕ್ಕರಗಾಲಲ್ಲಿ ಕೂತು ಲಿಂಬೆಹಣ್ಣನ್ನು ಎರಡೂ ಕೈಯಿಂದ ಜಗ್ಗುತ್ತಿದ್ದಳು.

“ನಿಜಾಮ ಅಜ್ಜಾ, ಇದು ಬರವಲ್ದು,” ಎಂದಳು ಕೂಸು.

“ಹಿತ್ತಲದಿಂದ ಕೈ ಬೀಸಕೋತ ಓಡಿ ಬಂದೆ ನಿಜಾಮಣ್ಣ,” ಎಂದರು ಕಸ್ತೂರೆವ್ವ. “ನಾ ಕಾಣಲಿಲ್ಲೇನು ನಿನಗ?”

“ಇಲ್ರಿ ಅವ್ವಾರ. ಕಾಣಲಿಲ್ರಿ.”

ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತೆ. ಗಾಡಿಯ ಕೀಲಿಯನ್ನು ಸಿದ್ದಾರೂಢನ ಮುಂದೆ ಇಟ್ಟೆ. “ಸಾಕ್ರಿ ಸಾವಕಾರ್ರ. ನನ್ನ ಕಡಿಂದ ಇನ್ನ ಆಗಂಗಿಲ್ಲ. ಕಣ್ಣ ಕಟ್ಟಿ ಗಾಡಿ ಹೊಡಿ ಅಂದ್ರ ಎಲ್ಲಿ ತನಕಾ ಹೊಡೀಲಿ?” ಎಂದೆ.

ಸಿದ್ದಾರೂಢ ಮಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ಕಸ್ತೂರೆವ್ವ ಒಳಗೆ ಹೋಗಿ ಬಿಸಿನೀರಿನ ಚರಿಗೆ, ಒಂದು ಅರಿವೆ, ಒಂದು ಸಣ್ಣ ಚಾಕು ತಂದರು. ಗಾಜಿಗೆ ಬಿಸಿನೀರು ಸುರಿದು ಸ್ಟಿಕರನ್ನು ಕೆಳಗಿನ ಅಕ್ಷರಗಳಿಂದ ಕೆರೆಯತೊಡಗಿದರು.

“ಅವ್ವಾ, ಅಪ್ಪನ ಮಾರಿ ಅದು!” ಎಂದ ಸಿದ್ದಾರೂಢ.

“ನನಗೂ ಗೊತ್ತೈತಿ ಯಾರ ಮಾರಿ ಅಂತ,” ಎಂದರು ಅವರು, ತಿರುಗಿ ನೋಡದೆ. “ನಿಮ್ಮಪ್ಪಾರು ಹಿಂದ ಇಳದು ನಿಂತು ದಾರಿ ತೋರಸ್ತಿದ್ರು. ನೀ ಅವರನ್ನ ಅಡ್ಡ ನಿಲ್ಲಿಸಿದಿ. ಇವತ್ತ ಮೊಮ್ಮಗಳಿಗೆ ಏನರ ಆಗಿದ್ರ, ಈ ಮಾರಿ ನೋಡಿ ಕೈ ಮುಗೀತಿದ್ದೇನು?”

ಕೊರಳತನಕ ಕೆರೆದರು. ಮೀಸೆಯ ಹತ್ತಿರ ಬಂದಾಗ ಕೈ ನಿಂತುಬಿಟ್ಟಿತು. ಚಾಕು ನನ್ನ ಕಡೆ ಚಾಚಿದರು. ನನಗೂ ಆಗಲಿಲ್ಲ, ತಲೆ ತಗ್ಗಿಸಿದೆ. ಆಗ ಸಿದ್ದಾರೂಢ ಕೂಸನ್ನು ತಾಯಿಯ ಕೈಗೆ ಕೊಟ್ಟು ತಾನೇ ಚಾಕು ತೆಗೆದುಕೊಂಡ. ಅಳುತ್ತಲೇ ಕೆರೆದ. ಮೀಸೆ ಹೋಯಿತು, ಕಣ್ಣು, ವಿಭೂತಿ, ರುಮಾಲು. ಗಾಜಿನ ಮೇಲೆ ಅಲ್ಲಲ್ಲಿ ಅಂಟು ಉಳಿಯಿತು. ಲಿಂಬೆಹಣ್ಣಿನ ಸರ ಮುಂದಿನ ಬಂಪರಿಗೆ ಹೋಯಿತು.

“ನಡಿ ಕಾಕಾ,” ಎಂದು ಕೀಲಿ ನನ್ನ ಅಂಗೈಯಲ್ಲಿಟ್ಟ. ಸಾಕಾಗಿತ್ತು, ನಿಜ. ಆದರೂ ಹೋಗಿ ಕೂತೆ. ಎಡಗಡೆಯ ಕನ್ನಡಿ ಸರಿಮಾಡಿಕೊಂಡು ಅವನು ಹತ್ತಲೆಂದು ಕಾದೆ. ಅವನು ಹತ್ತಲಿಲ್ಲ.

ಒಳಗಿನ ಕನ್ನಡಿ ನೋಡಿದೆ. ಒಂದೂವರೆ ವರ್ಷದ ಮೇಲೆ ಅದರಲ್ಲಿ ಬೆಳಕಿತ್ತು. ದೂರದಲ್ಲಿ ಕೂಸನ್ನು ಎತ್ತಿಕೊಂಡು ಕಸ್ತೂರೆವ್ವ. ಹತ್ತಿರ, ಗಾಜಿನ ಆಚೆ, ಅಪ್ಪನದೇ ಮೀಸೆ ಹೊತ್ತು ಸಿದ್ದಾರೂಢ. ಎಡಬಲ ನೋಡಿ, ಬಗ್ಗಿ ಬಂಪರಿನ ಬುಡ ನೋಡಿ, ಕೈ ಎತ್ತಿ ಎರಡು ಸಲ ಬಡಿದ.

ಕಣ್ಣು ಮಂಜಾಯಿತು. ಒರೆಸಿಕೊಂಡು ಗಾಡಿಯನ್ನು ನಿಧಾನ ಹಿಂದಕ್ಕೆ ತೆಗೆದೆ. ನಾವು ಇಂಡಿ ಮುಟ್ಟಿದಾಗ ಲಿಲಾವು ಮುಗಿದಿತ್ತು.